ತೋಳಮನುಷ್ಯನಿಗೆ ಹಸಿವಾದ ಹತ್ತು ದಿನ

ನಮ್ಮ ಫೋನ್ ಧಾರಾವಾಹಿ ಐದನೇ ಕಂತಿಗೆ ಬಂದ ಕೂಡಲೇ ಕೇಳುಗರು ಎದ್ದು ಹೋಗುತ್ತಿದ್ದಾರೆ ಎಂದು ನಮ್ಮ ಮುಖ್ಯಸ್ಥೆ ಹೇಳಿದಾಗ ನಾನು ಕೈಯಲ್ಲಿದ್ದ ಚಹಾ ಕುಡಿದು ಮುಗಿಸಿದೆ. ಗಾಬರಿ ಬೀಳುವುದು ನನ್ನ ಸ್ವಭಾವವಲ್ಲ. ನಾನು ಬರೆದದ್ದು ನಿಲ್ಲಲಿಲ್ಲ ಎಂದರೆ ಓದಿದವರದೋ ಕೇಳಿದವರದೋ ತಪ್ಪಿರಬೇಕು ಎಂದುಕೊಂಡೇ ಇಷ್ಟು ವರ್ಷ ಈ ಕೆಲಸದ ಅನ್ನ ತಿಂದಿದ್ದೇನೆ.

ಆಕೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಜನ ಎಲ್ಲಿಯವರೆಗೆ ಕೇಳಿದರು, ಎಲ್ಲಿ ಬಿಟ್ಟರು ಎಂದು ತೋರಿಸುವ ಗೆರೆಯೊಂದು ಅದರಲ್ಲಿತ್ತು. ನಾಲ್ಕು ಕಂತುಗಳ ತನಕ ಒಂದೇ ಮಟ್ಟದಲ್ಲಿ ನಡೆದುಬಂದ ಆ ಗೆರೆ ಐದನೆಯದರ ಮೂರನೇ ನಿಮಿಷಕ್ಕೆ ದೊಪ್ಪನೆ ಕೆಳಗೆ ಬಿದ್ದಿತ್ತು. ನಮ್ಮ ನಾಯಕ ಮೊದಲ ಸಲ ಮನುಷ್ಯನಿಂದ ತೋಳವಾಗುವ ಜಾಗ ಅದು.

“ನಿಮ್ಮ ಭಾಷೆ ಬಗ್ಗೆ ಎರಡು ಮಾತಿಲ್ಲ ಮೇಡಂ,” ಎಂದರು ಮುಖ್ಯಸ್ಥೆ. ಮೈಸೂರಿನವರು, ಬಯ್ಯುವುದನ್ನೂ ಉಪಚಾರದ ಹಾಗೆ ಮಾಡುತ್ತಾರೆ. “ಆದ್ರೆ ಧ್ವನಿ ಸಾಲ್ತಾ ಇಲ್ಲ. ತೋಳದ ಹಿಂಡಿಗೆ ಯಜಮಾನ ಅಂದ್ರೆ ಕೇಳೋರ ಎದೆ ನಡುಗ್ಬೇಕು. ಈ ಮನುಷ್ಯ ಗುರ್ ಅಂದ್ರೆ ನೆಗಡಿ ಆಗಿರೋ ಹಾಗಿದೆ. ಬೆಂಗಳೂರಲ್ಲಿ ಒಬ್ರನ್ನ ನೋಡಿಟ್ಟಿದ್ದೀನಿ. ಹತ್ತು ದಿನ ಕೊಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಧ್ವನಿ ಬದಲಾಯಿಸಿ ಮೊದಲಿಂದ ರೆಕಾರ್ಡ್ ಮಾಡೋಣ.”

“ನೋಡೋಣ್ರಿ,” ಎಂದೆ. ಆ ಒಂದು ಮಾತಿಗೆ ಆಮೇಲೆ ನನ್ನನ್ನು ನಾನೇ ಸಾಕಷ್ಟು ಬೈದುಕೊಂಡಿದ್ದೇನೆ. ಆದರೆ ಅವತ್ತು ನನಗೆ ಒಳಗೊಳಗೇ ನೆಮ್ಮದಿಯಾಗಿತ್ತು. ಬರವಣಿಗೆಯದಲ್ಲ, ಧ್ವನಿಯದು ತಪ್ಪು ಎಂದು ಮುಖ್ಯಸ್ಥೆಯೇ ಹೇಳಿದ ಮೇಲೆ ನಾನೇಕೆ ಅಡ್ಡಬಾಯಿ ಹಾಕಲಿ ಎಂದುಕೊಂಡೆ.

ನಮ್ಮ ನಾಯಕನಿಗೆ ಧ್ವನಿ ಕೊಡುತ್ತಿದ್ದ ಮನುಷ್ಯನನ್ನು ಹುಡುಕಿ ತಂದವಳು ನಾನೇ. ಯಾದಗಿರಿ ಕಡೆಯವರು. ಊರಿನಲ್ಲಿ ಗೌಂಡಿ, ಹೈದರಾಬಾದಿನಲ್ಲಿ ಮೇಸ್ತ್ರಿ. ಎರಡೂ ಕಡೆ ಕೆಲಸ ಒಂದೇ, ಗೋಡೆ ಕಟ್ಟುವುದು. ಊರಿಗೆ ಹೋದಾಗ ಬಯಲಾಟದಲ್ಲಿ ಪಾತ್ರ ಮಾಡುತ್ತಿದ್ದರು. ಕುಷಾಯಿಗೂಡದ ನಮ್ಮ ಮನೆಯ ಕಾಂಪೌಂಡ್ ಗೋಡೆ ರಿಪೇರಿಗೆ ಬಂದಿದ್ದಾಗ ಅವರು ಹೊರಗೆ ಯಾರಿಗೋ ನೀರು ಕೇಳಿದರು. ಅಡುಗೆಮನೆಯಲ್ಲಿದ್ದ ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದೆ. ಜೋರು ದನಿಯಲ್ಲ, ಗಡಸೂ ಅಲ್ಲ. ಆದರೆ ನೀರು ಕೇಳಿದರೆ ಬಾಯಾರಿಕೆ ಕೇಳಿಸುವ ದನಿ. ಅಂಥದ್ದನ್ನು ಕಲಿಸಲು ಬರುವುದಿಲ್ಲ.

ಎರಡು ವರ್ಷ ಅವರಿಗೆ ಸಣ್ಣಪುಟ್ಟ ಪಾತ್ರಗಳನ್ನೇ ಕೊಡಿಸಿದ್ದೆ. ವಾಚ್‌ಮನ್, ಪೊಲೀಸು, ನಾಯಕಿಯ ಸೋದರಮಾವ. ಈ ತೋಳಮನುಷ್ಯ ಅವರ ಮೊದಲ ಮುಖ್ಯ ಪಾತ್ರ. ಇದಕ್ಕಾಗಿ ಬೀಡಿ ಬಿಟ್ಟಿದ್ದರು. ವಾರಕ್ಕೆರಡು ಬೆಳಿಗ್ಗೆ ಸೈಟಿನ ಕೆಲಸ ಇನ್ನೊಬ್ಬರಿಗೆ ಒಪ್ಪಿಸಿ ಬರುತ್ತಿದ್ದರು. ಊರಿನ ಬಯಲಾಟದವರೆಲ್ಲ ಒಂದೇ ಫೋನಿನ ಸುತ್ತ ಕೂತು ಇವರ ಕಂತು ಕೇಳುತ್ತಾರೆ ಎಂದು ನಾಚಿಕೊಂಡೇ ಹೇಳಿದ್ದರು. ನಮ್ಮ ಕೆಲಸದಲ್ಲಿ ಮುಖ್ಯ ಪಾತ್ರದಿಂದ ತೆಗೆದ ಧ್ವನಿಯನ್ನು ಆಮೇಲೆ ವಾಚ್‌ಮನ್ ಪಾತ್ರಕ್ಕೂ ಕರೆಯುವುದಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಮ್ಮ ಸ್ಟುಡಿಯೋ ಇರುವುದು ಅಮೀರ್‌ಪೇಟ್‌ನಲ್ಲಿ, ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿ. ಫೋನಿನಲ್ಲಿ ಕೇಳುವ ಧಾರಾವಾಹಿಗಳನ್ನು ತಯಾರಿಸುತ್ತೇವೆ. ಇಂಗ್ಲಿಷಿನಲ್ಲಿ ಬರೆದ ಕಥೆ ಬರುತ್ತದೆ. ತೆಲುಗಿನವರು, ಹಿಂದಿಯವರು, ಕನ್ನಡದವರು ಅದನ್ನು ತಮ್ಮ ತಮ್ಮ ಕೇಳುಗರಿಗೆ ಒಗ್ಗಿಸುತ್ತೇವೆ. ಒಂದು ಕಂತು ಎಂದರೆ ಹತ್ತು ಹನ್ನೆರಡು ನಿಮಿಷ. ಬರೆಯುವ ಮೊದಲು ಪಟ್ಟಿ ಮಾಡಬೇಕು. ಎಡಗಡೆ ಮೂಲದಲ್ಲಿರುವುದು, ಬಲಗಡೆ ನಮ್ಮದು. ಹಿಮದ ಕಾಡು ಇದ್ದಲ್ಲಿ ಕುರುಚಲು ಗುಡ್ಡ, ಬಂಗಲೆ ಇದ್ದಲ್ಲಿ ಕಲ್ಲಿನ ವಾಡೆ. ಕಥೆಯ ಕೀಲು ಎನ್ನಬಹುದಾದ ಘಟನೆಗಳು ಕೆಂಪು ಅಕ್ಷರದಲ್ಲಿರುತ್ತವೆ. ಅವನ್ನು ಮುಟ್ಟಬೇಕೆಂದರೆ ಮುಖ್ಯಸ್ಥೆಯ ಒಪ್ಪಿಗೆ ಬೇಕು.

ತೋಳಮನುಷ್ಯರ ಬಗ್ಗೆ ನಾನು ಆ ವರ್ಷ ಓದಿದಷ್ಟು ನಮ್ಮ ವಂಶದಲ್ಲಿ ಯಾರೂ ಓದಿರಲಾರರು. ಹಳೆಯ ಕಥೆಗಳಲ್ಲಿ ಅವನು ಶಾಪಗ್ರಸ್ತ. ಹುಣ್ಣಿಮೆ ಬಂದರೆ ಮೈಮೇಲೆ ಕೂದಲು, ಊರವರ ಕೈಯಲ್ಲಿ ಪಂಜು, ಕೊನೆಗೆ ಬೆಳ್ಳಿಯ ಗುಂಡು. ಪಾಪ, ಸತ್ತು ನೆಮ್ಮದಿಯಾಗುತ್ತಿದ್ದ. ಈಗಿನ ಕಥೆಗಾರರು ಅವನನ್ನು ಸಾಯಲು ಬಿಡುವುದಿಲ್ಲ. ಅವನೀಗ ಜಿಮ್ಮಿಗೆ ಹೋಗುತ್ತಾನೆ, ಕಂಪನಿ ನಡೆಸುತ್ತಾನೆ. ಅವನ ಹಿಂಡಿನಲ್ಲಿ ಯಜಮಾನ, ಉಪಯಜಮಾನ, ಕಾವಲಿನವರು ಎಂದು ನಮ್ಮ ಸರಕಾರಿ ಕಚೇರಿಗಿಂತ ಹೆಚ್ಚು ಹುದ್ದೆಗಳಿವೆ. ಹುಡುಗಿಯ ವಾಸನೆ ಹಿಡಿದ ಕೂಡಲೇ ಇವಳು ನನ್ನವಳು ಎಂದು ತೀರ್ಮಾನವಾಗಿಬಿಡುತ್ತದೆ. ಹುಡುಗಿಯನ್ನು ಕೇಳುವ ಪದ್ಧತಿ ಇಲ್ಲ. ಕೆಲವು ಕಥೆಗಳಲ್ಲಿ ಅದು ರಕ್ತದ ಕಾಯಿಲೆ, ಡಾಕ್ಟರು ಬಂದು ಸೂಜಿ ಚುಚ್ಚುತ್ತಾರೆ. ಇನ್ನು ಕೆಲವದರಲ್ಲಿ ಅವನು ಮೀಸೆ ಮೂಡುವ ವಯಸ್ಸಿನವನು, ತನ್ನ ಮೈ ತನಗೇ ಹೇಳದೆ ಬದಲಾಗುತ್ತಿದೆ ಎಂದು ಹೆದರಿ ಬಾಗಿಲು ಹಾಕಿಕೊಳ್ಳುತ್ತಾನೆ. ಇವುಗಳಲ್ಲಿ ನನಗೆ ಸ್ವಲ್ಪ ಇಷ್ಟವಾದದ್ದು ಅದೊಂದೇ.

ನಮ್ಮ ಪಾಲಿಗೆ ಬಂದದ್ದು ಕಂಪನಿ ನಡೆಸುವವನು. ಪಟ್ಟಿ ಮಾಡುವಾಗ ಕೆಂಪು ಅಕ್ಷರದ ಮೊದಲ ಸಾಲೇ ‘ಹುಣ್ಣಿಮೆ’. ಅದನ್ನು ನೋಡಿದ ತಕ್ಷಣ ನಾನು, ಇದು ನಡೆಯುವುದಿಲ್ಲ ಎಂದೆ. ನಮ್ಮಲ್ಲಿ ಹುಣ್ಣಿಮೆ ಎಂದರೆ ಹಬ್ಬ, ಹೋಳಿಗೆ, ಬೆಳಕು. ಹೆದರಿಕೆಗೆ ಅಮಾವಾಸ್ಯೆಯೇ ಬೇಕು. ಮೂಲದವರ ಚಂದ್ರನನ್ನು ಅವರೇ ಇಟ್ಟುಕೊಳ್ಳಲಿ, ನಮ್ಮ ತೋಳಮನುಷ್ಯ ಅಮಾವಾಸ್ಯೆಗೇ ಬದಲಾಗಲಿ ಎಂದು ಮುಖ್ಯಸ್ಥೆಯ ಮುಂದೆ ಅರ್ಧ ಗಂಟೆ ಭಾಷಣ ಮಾಡಿ ಒಪ್ಪಿಗೆ ತೆಗೆದುಕೊಂಡೆ. ಒಗ್ಗಿಸುವುದು ಎಂದರೆ ಹೀಗೆ ಎಂದು ತೆಲುಗಿನ ಬರಹಗಾರರಿಗೂ ಉಪದೇಶ ಮಾಡಿದ್ದೆ. ಅವರು ನಕ್ಕು ತಮ್ಮ ಹುಣ್ಣಿಮೆಯನ್ನೇ ಉಳಿಸಿಕೊಂಡರು.

ಹತ್ತು ದಿನದಲ್ಲಿ ಮೊದಲ ಮೂರು ದಿನ ಗುರ್ ಎನ್ನಿಸುವುದರಲ್ಲೇ ಹೋಯಿತು. ನಮ್ಮ ಬರಹದಲ್ಲಿ ಉಸಿರಿಗೂ ಗುರುತು ಇರುತ್ತದೆ. ಒಂದು ಓರೆಗೆರೆ ಎಂದರೆ ಅರ್ಧ ಉಸಿರು, ಎರಡು ಎಂದರೆ ಪೂರ್ತಿ. ಈ ಸರಣಿಗಾಗಿ ಗುರ್ ಎನ್ನುವುದಕ್ಕೂ ಮೂರು ದರ್ಜೆ ಮಾಡಿದ್ದೆ. ಒಂದನೆಯದು ಅಸಮಾಧಾನ, ಎರಡನೆಯದು ಎಚ್ಚರಿಕೆ, ಮೂರನೆಯದು ದಾಳಿ. ಮೇಸ್ತ್ರಿ ಬೂತಿನೊಳಗೆ ನಿಂತರೆ ಏಸಿ ನಿಲ್ಲಿಸುತ್ತೇವೆ, ಇಲ್ಲದಿದ್ದರೆ ಅದರ ಗುಂಯ್ ಎನ್ನುವ ಸದ್ದು ಮೈಕಿಗೆ ಬೀಳುತ್ತದೆ. ಗೋಡೆಗೆಲ್ಲ ದಪ್ಪ ಸ್ಪಂಜು ಹಚ್ಚಿದ ಆ ಪೆಟ್ಟಿಗೆಯಂಥ ಕೋಣೆಯಲ್ಲಿ ಅವರು ಬೆವರು ಒರೆಸಿಕೊಳ್ಳುತ್ತ ದರ್ಜೆವಾರು ಗುರ್ ಎನ್ನುತ್ತಿದ್ದರು.

“ಅಕ್ಕಾರ, ಈಗ ಎರಡನೇ ನಂಬರಿಂದು ಬಂತೇನ್ರಿ?”

“ಇಲ್ಲ. ಹೊಟ್ಟಿಂದ ಬರಬೇಕು. ನೀವು ಗಂಟಲದಾಗ ಮಾಡಾಕತ್ತೀರಿ.”

ಧ್ವನಿಮುದ್ರಣ ಮಾಡುವವರು ವರಂಗಲ್ ಕಡೆಯ ಹಿರಿಯರು, ತಾಳ್ಮೆಯ ಮನುಷ್ಯ. ಪ್ರತಿ ಸಲವೂ “ಇಂಕೊಕ್ಕಟಿ ಚೇದ್ದಾಂ ಅಮ್ಮಾ” ಎಂದು ಇನ್ನೊಂದಕ್ಕೆ ಸಿದ್ಧ ಮಾಡುತ್ತಿದ್ದರು. ಮೂರನೇ ದಿನ ಮಧ್ಯಾಹ್ನ ಮೇಸ್ತ್ರಿಯ ದನಿ ಒಡೆಯಿತು. ಇದ್ದದ್ದರಲ್ಲಿ ಒಳ್ಳೆಯ ತುಣುಕುಗಳನ್ನು ಆರಿಸಿ, ಅವುಗಳ ಕೆಳಗೆ ಒಂದಿಷ್ಟು ಗುಡುಗು ಸೇರಿಸಿ ಮುಖ್ಯಸ್ಥೆಗೆ ಕಳಿಸಿದೆವು. ‘ಈಗ ನೆಗಡಿ ಜೊತೆ ಮಳೆಯೂ ಬಂತು’ ಎಂದು ಉತ್ತರ ಬಂತು.

ಅವತ್ತು ಹೊರಡುವಾಗ ಮೇಸ್ತ್ರಿ ಬಿಸಿನೀರು ಕುಡಿಯುತ್ತ ಮೆಟ್ಟಿಲ ಮೇಲೆ ಕೂತಿದ್ದರು. ಬೆಂಗಳೂರಿನವರ ಸುದ್ದಿ ಧ್ವನಿಮುದ್ರಣದವರ ಬಾಯಿಂದ ಅವರಿಗೆ ತಿಳಿದುಬಿಟ್ಟಿತ್ತು.

“ನನ್ನ ತಗೀತಾರಂತಲ್ರಿ ಅಕ್ಕಾರ?” ಎಂದರು.

“ಇನ್ನೂ ಏನೂ ಆಗಿಲ್ಲ. ಏಳು ದಿನ ಐತಿ.”

ಅವರು ಲೋಟ ಕೆಳಗಿಟ್ಟು, “ಒಂದು ಕೆಲಸ ಮಾಡ್ರಿ,” ಎಂದರು. “ನಾಳೆ ನಮ್ಮ ಸೈಟಿಗೆ ಬರ್ರಿ. ಬಾಲಾನಗರದಾಗ ಕೆಲಸ ನಡದೈತಿ. ನಮ್ಮ ಕಡಿ ಮಂದಿ ದಿನಾ ಕೆಲಸಾ ಮಾಡಕೋತ ಕಥಿ ಕೇಳತಾರ. ಎಲ್ಲಿ ತಪ್ಪೇತಿ ಅಂತ ಅವರು ಕೇಳೂ ಮುಂದ ನೋಡ್ರಿ.”

ಮರುದಿನ ಹೋದೆ. ಎರಡನೇ ಮಹಡಿಯ ಒಳಗೋಡೆಗೆ ಸಿಮೆಂಟು ಬಳಿಯುವ ಗಿಲಾವು ಕೆಲಸ ನಡೆದಿತ್ತು. ಐದಾರು ಹೆಂಗಸರು, ಗಂಡಸರು. ಫೋನನ್ನು ಖಾಲಿ ಕಬ್ಬಿಣದ ಬುಟ್ಟಿಯೊಳಗೆ ಇಟ್ಟಿದ್ದರು; ಹಾಗಿಟ್ಟರೆ ದನಿ ಇಡೀ ಕೋಣೆಗೆ ಕೇಳುತ್ತದೆ. ನಾಲ್ಕನೇ ಕಂತು ಮುಗಿದು ಐದನೆಯದು ತಾನಾಗಿಯೇ ಶುರುವಾಯಿತು. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಇಟ್ಟಿಗೆ ಗುಡ್ಡೆಯ ಮೇಲೆ ಕೂತು ಕಾದೆ.

ಅಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಅವರ ಕೈಗಳೆಲ್ಲ ಸಿಮೆಂಟು. ಕಥೆ ಹಿಡಿಸಲಿಲ್ಲ ಎಂದು ಬೆರಳು ಹಾಕಿ ಬದಲಾಯಿಸುವಂತಿಲ್ಲ. ಕೈ ತೊಳೆಯಬೇಕು, ಒರೆಸಬೇಕು, ಅಷ್ಟರಲ್ಲಿ ಕಲಸಿದ ಮಾಲು ಗಟ್ಟಿಯಾಗುತ್ತದೆ. ಆದ್ದರಿಂದ ಕೆಟ್ಟ ಕಥೆಯನ್ನೂ ಅವರು ಸಹಿಸಿಕೊಳ್ಳುತ್ತಾರೆ. ಮೂರನೇ ನಿಮಿಷ ಬಂತು. ಅಮಾವಾಸ್ಯೆಯ ಕತ್ತಲು, ನಾಯಕನ ಎಲುಬುಗಳು ಲಟಲಟ ಎಂದು ತಿರುಚಿಕೊಳ್ಳುತ್ತವೆ, ನಾಯಕಿ ಅವನನ್ನು ನೋಡಿ ಮರುಳಾಗುತ್ತಾಳೆ. ಹಲಗೆಯ ಮೇಲೆ ನಿಂತು ಗಿಲಾವು ಮಾಡುತ್ತಿದ್ದ ಒಬ್ಬ ಹೆಂಗಸು ಕರಣಿ ಕೆಳಗಿಟ್ಟಳು. ಹಲಗೆಯಿಂದ ಇಳಿದಳು. ಡ್ರಮ್ಮಿನ ನೀರಿನಲ್ಲಿ ಮೊಣಕೈ ತನಕ ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಬುಟ್ಟಿಗೆ ಬಗ್ಗಿ ನನ್ನ ಕಥೆಯನ್ನು ಬಂದ್ ಮಾಡಿದಳು. ಆಮೇಲೆ ಮತ್ತೆ ಹಲಗೆ ಹತ್ತಿದಳು. ಉಳಿದವರು ಯಾಕೆ ಎಂದು ಕೇಳಲೂ ಇಲ್ಲ.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಎದ್ದು ಹೋಗಿ, “ಯಾಕವ್ವಾ, ಧ್ವನಿ ಚಲೋ ಇಲ್ಲೇನು?” ಎಂದು ಕೇಳಿದೆ.

“ಧ್ವನಿಗೇನಾಗೇತ್ರಿ, ನಮ್ಮ ಮೇಸ್ತ್ರೀದು. ಆ ಹುಡುಗಿಗೆ ಬುದ್ಧಿ ಇಲ್ರಿ.”

“ಏನ ಮಾಡಿದಳು?”

“ಅಮಾಸಿ ದಿನ ಅವ ಎಲುಬು ಮುರದಂಗ ಒದರತಾನ. ಅಂದ್ರ ಗಾಳಿ ಹಿಡದೈತಿ ಅವಂಗ. ಅಂಥಾವನ ಮುಂದ ನಿಂತು ಈಕಿ ನೀ ಎಷ್ಟ ಚಂದ ಅದೀ ಅಂತಾಳ. ದರ್ಗಾಕ್ಕರ ಕರಕೊಂಡು ಹೋಗಬೇಕು, ಗುಡಿಗರ ಕರಕೊಂಡು ಹೋಗಬೇಕು. ಜಡ್ಡಾದಾವನ ಜೋಡಿ ಚೆಲ್ಲಾಟ ಆಡೂದು ಕೇಳಾಕ ನನಗ ಹೇಸಿಗಿ ಬರತೈತ್ರಿ.”

ಆಕೆ ಗೋಡೆಗೆ ಮಾಲು ಹೊಡೆಯುತ್ತಲೇ ಮುಂದುವರಿಸಿದಳು.

“ತ್ವಾಳ ನೋಡೀರೇನ್ರಿ ನೀವು?”

“ಇಲ್ಲವ್ವಾ.”

“ನಮ್ಮಪ್ಪ ಕುರಿ ಕಾಯತಿದ್ದ. ನಾ ಭಾಳ ಸಲ ನೋಡೀನಿ. ಅದಕ್ಕ ಇಷ್ಟೆಲ್ಲ ಮೈ ಇರಂಗಿಲ್ರಿ. ಹೊಟ್ಟಿ ಬೆನ್ನಿಗೆ ಹತ್ತಿರತೈತಿ. ದೂರ ನಿಂದರತೈತಿ. ಕುರಿ ನೋಡತೈತಿ, ನಮ್ಮನ್ನ ನೋಡತೈತಿ. ಬಾ ಅಂದ್ರ ಬರಂಗಿಲ್ಲ, ಹೋಗ ಅಂದ್ರ ಹೋಗಂಗಿಲ್ಲ. ನಿಮ್ಮ ಕಥಿಯಾಗಿಂದು ಉಂಡು ತಿಂದು ಮೈ ಬಿಟ್ಟೈತಿ. ಅದು ತ್ವಾಳ ಹೆಂಗ ಆಗತೈತಿ?”

ಮೇಸ್ತ್ರಿ ಆ ಹೊತ್ತಿಗೆ ಕೋಣೆಯ ಇನ್ನೊಂದು ಮೂಲೆಯಲ್ಲಿ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ನಮ್ಮ ಕಡೆ ತಿರುಗಲೇ ಇಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಮೊದಲು ನನಗೆ ಆ ಹೆಂಗಸಿನ ಮೇಲೇ ಸಿಟ್ಟು ಬಂತು. ಕಥೆ ಕೇಳುವ ತಾಳ್ಮೆ ಇಲ್ಲ, ಇವರಿಗೇನು ಗೊತ್ತು ಎಂದು ಮೂರು ಸ್ಟಾಪುಗಳ ತನಕ ಗೊಣಗಿದೆ. ನಾಲ್ಕನೇ ಸ್ಟಾಪಿಗೆ ಸಿಟ್ಟು ಮುಗಿದು ನಾಚಿಕೆ ಶುರುವಾಯಿತು. ಆಕೆ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅಮಾವಾಸ್ಯೆ ಎಂದು ಬರೆದ ಕೂಡಲೇ ನಾನು ಪ್ರೇಮಕಥೆಯನ್ನು ದೆವ್ವದ ಕಥೆ ಮಾಡಿಬಿಟ್ಟಿದ್ದೆ. ಅಮಾವಾಸ್ಯೆಗೆ ಒದ್ದಾಡುವವನನ್ನು ನಮ್ಮ ಜನ ಪ್ರೀತಿಸುವುದಿಲ್ಲ, ಯಂತ್ರ ಕಟ್ಟಿಸಲು ಕರೆದುಕೊಂಡು ಹೋಗುತ್ತಾರೆ. ಮೇಸ್ತ್ರಿ ಎಂಥ ಗುರ್ ಎಂದಿದ್ದರೂ ಆ ದೃಶ್ಯ ನಿಲ್ಲುತ್ತಿರಲಿಲ್ಲ. ಮೂರು ದಿನ ಆ ಮನುಷ್ಯನ ಗಂಟಲು ಹರಿಯುವಂತೆ ಒದರಿಸಿದ್ದು ನನ್ನ ತಪ್ಪಿಗೆ.

ಮನೆ ಸೇರಿದವಳು ಅಡುಗೆಗೆ ಕೈ ಹಾಕದೆ ಪಟ್ಟಿ ತೆಗೆದೆ. ಮೂಲದ ನಾಯಕನಿಗೆ ಏನೇನಿದೆ ಎಂದು ಮತ್ತೆ ಓದಿದೆ. ಕೋಪವಿದೆ, ಪ್ರೇಮವಿದೆ, ಹಿಂಡು, ಆಸ್ತಿ, ಅಂಗಸೌಷ್ಠವ ಎಲ್ಲ ಇದೆ. ಹಸಿವು ಮಾತ್ರ ಇಲ್ಲ. ನಾನು ಓದಿದ್ದ ಅಷ್ಟೂ ಹೊಸ ಕಥೆಗಳನ್ನು ನೆನಪಿಸಿಕೊಂಡೆ. ಯಾವ ತೋಳಮನುಷ್ಯನೂ ಉಪವಾಸ ಬಿದ್ದಿರಲಿಲ್ಲ. ಕಾಡುಪ್ರಾಣಿಯಿಂದ ಹಲ್ಲು, ಕೂದಲು, ಗತ್ತು ಎಲ್ಲ ತೆಗೆದುಕೊಂಡು, ಅದನ್ನು ಊರಂಚಿಗೆ ಎಳೆದು ತರುವ ಹಸಿವನ್ನು ಬಿಟ್ಟುಬಂದಿದ್ದರು. ಹಸಿದವನ ಮೇಲಾದರೆ ನಮ್ಮವರಿಗೆ ಕನಿಕರ ಬರುತ್ತದೆ. ಕನಿಕರ ಬಂದ ಮೇಲೆ ಪ್ರೀತಿ ಬರುವುದಕ್ಕೆ ಅಡ್ಡಿಯಿಲ್ಲ.

ಹುಣ್ಣಿಮೆಗೆ ಹಿಂದಿರುಗಬೇಕು ಎಂದು ಗೊತ್ತಾಯಿತು. ಆದರೆ ಯಾವ ಹುಣ್ಣಿಮೆ? ರಾಯಚೂರು ಕಡೆಯ ನಮ್ಮ ಊರಿನಲ್ಲಿ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಪೂಜೆಯಾದ ಮೇಲೆ ಅನ್ನ, ಕಡಬು, ಪಲ್ಯ ಕಲಸಿ ಹೊಲದ ತುಂಬ ಚೆಲ್ಲುತ್ತ ನಡೆಯುತ್ತಾರೆ. ಚರಗ ಚೆಲ್ಲುವುದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಚೆಲ್ಲಿದವರು ಹಿಂತಿರುಗಿ ನೋಡುವಂತಿರಲಿಲ್ಲ. ಇದನ್ನು ಯಾರು ತಿಂತಾರೆ ಎಂದು ಅಮ್ಮನನ್ನು ಕೇಳಿದ್ದೆ. ಹಸಿದಿದ್ದವರು ತಿಂತಾರೆ, ನೀ ಮುಂದೆ ನೋಡಿ ನಡಿ ಎಂದಿದ್ದಳು. ಅದು ಹಕ್ಕಿಗೋ ಇರುವೆಗೋ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ಐದನೇ ಕಂತನ್ನು ಬೆಳಗಾಗುವುದರೊಳಗೆ ಬರೆಯುವ ವೀರಾವೇಶ ನನಗಿಲ್ಲ. ಎರಡು ದಿನ ಹಿಡಿಯಿತು. ನಾಯಕಿ ಚರಗ ಚೆಲ್ಲುತ್ತ ಹೊಲದ ಬದುವಿನ ತನಕ ಬರುತ್ತಾಳೆ. ಹೊತ್ತು ಇಳಿದಿದೆ, ಚಂದ್ರ ಮೂಡುವ ಸಮಯ. ಯಾರ ಕುರಿಯನ್ನೂ ಮುಟ್ಟಬಾರದೆಂದು ಹಟ ಹಿಡಿದು ಮೂರು ದಿನದಿಂದ ಏನೂ ತಿನ್ನದೆ ಗುಡ್ಡದಲ್ಲಿ ಅಡಗಿರುವ ನಾಯಕ ಬದುವಿನ ಆಚೆ ಇದ್ದಾನೆ. ಅವಳು ಹಿಂತಿರುಗಿ ನೋಡುವಂತಿಲ್ಲ. ಹಾಗಾಗಿ ಅವನು ಏನಾಗಿದ್ದಾನೆ ಎಂಬುದು ಅವಳಿಗೂ ಕಾಣುವುದಿಲ್ಲ, ಕೇಳುಗರಿಗೂ ಕಾಣಬೇಕಿಲ್ಲ. ಬೆನ್ನ ಹಿಂದೆ ಯಾರೋ ತಿನ್ನುವ ಸದ್ದು ಮಾತ್ರ. ಕಿವಿಗೆಂದೇ ಮಾಡುವ ಕಥೆಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು. ಎಲುಬು ತಿರುಚುವ ಒಂದು ಪುಟವನ್ನು ಹಾಗೇ ಹೊಡೆದುಹಾಕಿದೆ. ಕಂತಿನ ಕೊನೆಗೆ ನಾಯಕಿ ಮುಖ ತಿರುಗಿಸದೆ, “ಇನ್ನೊಂದು ತುತ್ತು ಬೇಕೇನು?” ಎಂದು ಕೇಳುತ್ತಾಳೆ. ಅಲ್ಲಿಗೆ ನಿಲ್ಲಿಸಿದೆ.

ಆರನೇ ದಿನ ಮುಖ್ಯಸ್ಥೆಯ ಎದುರು ಕೂತೆ. ಒಪ್ಪಿಕೊಳ್ಳುವುದು ನನಗೆ ರೂಢಿಯಿಲ್ಲದ ಕೆಲಸ, ಆದ್ದರಿಂದ ಬೇಗ ಹೇಳಿ ಮುಗಿಸಿದೆ.

“ಧ್ವನೀದು ತಪ್ಪಿಲ್ರಿ ಮೇಡಂ. ತಪ್ಪು ನಂದು. ಅಮಾವಾಸ್ಯೆ ನಾ ಹಾಕಿದ್ದು. ಮೊದಲನೇ ದಿನಾನ ಹೇಳಬೇಕಾಗಿತ್ತು, ಹೇಳಲಿಲ್ಲ.”

ಆಕೆ ಹೊಸ ಕಂತನ್ನು ಅಲ್ಲೇ ಓದಿದರು. ಓದುತ್ತ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

“ಬೇರೆ ಭಾಷೆಗಳ ಜೊತೆ ಕಥೆ ಹೊಂದ್ಬೇಕು, ನಿಮಗೆ ಗೊತ್ತಲ್ವಾ.”

“ಹುಣ್ಣಿಮಿ ವಾಪಸ್ ಬಂದೈತಿ. ಮೊದಲಿಗಿಂತ ಮೂಲಕ್ಕ ಹ‌ತ್ತಿರಾನ ಆಗೇತ್ರಿ.”

ಆಕೆಗೆ ನಗು ಬಂತು, ಆದರೆ ಪಟ್ಟು ಬಿಡಲಿಲ್ಲ. “ಬರೆದಿರೋದು ಚೆನ್ನಾಗಿದೆ. ಅದಕ್ಕೇ ಹೇಳ್ತಿದ್ದೀನಿ, ಇದನ್ನ ಇಬ್ಬರೂ ಓದ್ಲಿ. ಬೆಂಗಳೂರಿನವರಿಗೂ ಇವತ್ತೇ ಕಳಿಸ್ತೀನಿ. ಎರಡನ್ನೂ ಕೇಳಿ ನಿರ್ಧಾರ ಮಾಡೋಣ. ನ್ಯಾಯ ತಾನೇ?”

ನ್ಯಾಯವೇ. ಆದರೂ ನಾನು ಕಂತನ್ನು ಸರಿಪಡಿಸಿ, ಅದನ್ನು ಬೇರೆಯವರ ಬಾಯಿಗೆ ಇಟ್ಟಂತಾಗಿತ್ತು.

ಎಂಟನೇ ದಿನ ಮೇಸ್ತ್ರಿಯ ಸರದಿ. ದನಿ ಸುಧಾರಿಸಿತ್ತು. ಮೊದಲ ಆರು ನಿಮಿಷ ತಡೆಯಿಲ್ಲದೆ ಸಾಗಿತು. ನಾಯಕಿ ಅನ್ನ ಚೆಲ್ಲುವ ಜಾಗದಲ್ಲಿ ನಾನು ಅಭ್ಯಾಸಬಲದಿಂದ ಎರಡನೇ ದರ್ಜೆಯ ಗುರ್ ಬರೆದಿದ್ದೆ. ಮೇಸ್ತ್ರಿ ಅಲ್ಲಿಗೆ ಬಂದು ನಿಂತರು. ಗಾಜಿನ ಆಚೆಯಿಂದ ನನ್ನನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

“ಏನಾತು?” ಎಂದೆ.

“ಏನಿಲ್ರಿ.” ಪರದೆಗೆ ಬೆರಳು ತೋರಿಸಿ, “ಮೂರು ದಿನದಿಂದ ಉಂಡಿಲ್ಲ ಅಂತ ಬರದೀರಿ. ಅನ್ನ ಬಿದ್ದ ಮ್ಯಾಲ ಗುರ್ ಅಂತಾನೇನ್ರಿ?”

“ಮತ್ತೇನ ಮಾಡತಾನ?”

“ತಿಂತಾನ್ರಿ.”

ಗುರ್ ಹೊಡೆದುಹಾಕಿದೆ. ಬೂತಿನೊಳಗೆ ತಿನ್ನುವ ಪದಾರ್ಥ ಒಯ್ಯುವಂತಿಲ್ಲ, ಇರುವೆ ಬರುತ್ತವೆ ಎಂದು ಧ್ವನಿಮುದ್ರಣದವರೇ ಚೀಟಿ ಅಂಟಿಸಿದ್ದರು. ಅವರನ್ನು ಒಪ್ಪಿಸಲು ಹತ್ತು ನಿಮಿಷ ಹಿಡಿಯಿತು. ಮೇಸ್ತ್ರಿಯ ಡಬ್ಬಿಯಲ್ಲಿ ಖಡಕ್ ರೊಟ್ಟಿ ಇತ್ತು. ಮೊದಲ ಪ್ರಯತ್ನದಲ್ಲಿ ಅದನ್ನು ಮುರಿದು ತಿಂದರೆ ಒಣ ಎಲೆಯ ಮೇಲೆ ಯಾರೋ ಓಡಿದ ಹಾಗೆ ಕೇಳಿಸಿತು. ಕೆಳಗಿನ ಮೆಸ್ಸಿನಿಂದ ಅನ್ನ ತರಿಸಿ, ಡಬ್ಬಿಯ ಬದನೆಕಾಯಿ ಪಲ್ಯದಲ್ಲಿ ಕಲಸಿ, ಮೈಕನ್ನು ಬಾಯಿಯಿಂದ ಒಂದು ಗೇಣು ಪಕ್ಕಕ್ಕೆ ಸರಿಸಿ ಮತ್ತೆ ಶುರು ಮಾಡಿದೆವು. ಎರಡನೆಯದಕ್ಕೆ ತೀರಾ ಗಬಗಬ ಎಂದಿತು. ನೆಲದ ಮೇಲೆ ಬಿದ್ದದ್ದನ್ನು ಆರಿಸಿ ತಿನ್ನುವವನು ಅಷ್ಟು ದೊಡ್ಡ ತುತ್ತು ಮಾಡುವುದಿಲ್ಲ ಎಂದು ಧ್ವನಿಮುದ್ರಣದವರೇ ಹೇಳಿದರು.

ಮೂರನೆಯ ಸಲ ಮೇಸ್ತ್ರಿ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ತಾವು ಕೆಳಗೆ ಕುಕ್ಕರಗಾಲಿನಲ್ಲಿ ಕೂತರು. ಒಂದು ಅಗುಳು ತೆಗೆದುಕೊಂಡರು. ಆಮೇಲೆ ಇನ್ನೊಂದು. ಉಸಿರು ಮೂಗಿನಲ್ಲಿ ಸಣ್ಣಗೆ ಸಿಕ್ಕಿಕೊಳ್ಳುತ್ತಿತ್ತು. ಯಾರಾದರೂ ನೋಡಿಯಾರು ಎಂದು ನಡುವೆ ಒಮ್ಮೆ ಅಗಿಯುವುದು ನಿಂತಿತು. ಮತ್ತೆ ಶುರುವಾಯಿತು. ಹೆಡ್‌ಫೋನು ಹಾಕಿಕೊಂಡು ಕೂತಿದ್ದ ನಾನು ಪೆನ್ನು ಕೆಳಗಿಟ್ಟೆ. ಧ್ವನಿಮುದ್ರಣದವರು ಇನ್ನೊಂದು ಮಾಡೋಣ ಎನ್ನಲಿಲ್ಲ.

ಬೆಂಗಳೂರಿನವರ ಕಂತು ಒಂಬತ್ತನೇ ದಿನ ಬಂತು. ಸುಳ್ಳು ಹೇಳಬಾರದು, ಅದ್ಭುತ ಧ್ವನಿ. ಪಾತಾಳದಿಂದ ಬಂದಂತಿತ್ತು. ಅನ್ನ ಬಿದ್ದ ಜಾಗದಲ್ಲಿ ನಾನು ಮೊದಲು ಬರೆದುಕೊಟ್ಟದ್ದರಲ್ಲಿ ಇದ್ದ ಹಾಗೆಯೇ ಎರಡನೇ ದರ್ಜೆಯ ಗುರ್, ಮೇಜಿನ ಮೇಲಿನ ನೀರು ನಡುಗುವಂಥದ್ದು. ಅವರದೇನೂ ತಪ್ಪಿಲ್ಲ. ಬರೆದದ್ದನ್ನು ಮಾಡಿದ್ದರು.

ಮುಖ್ಯಸ್ಥೆ ಎರಡನ್ನೂ ಕಣ್ಣು ಮುಚ್ಚಿಕೊಂಡು ಕೇಳಿದರು. ಬೆಂಗಳೂರಿನದು ಮುಗಿದಾಗ ತಲೆಯಾಡಿಸಿದರು. ಮೇಸ್ತ್ರಿಯದು ಮುಗಿದಾಗ ತಿನ್ನುವ ಜಾಗಕ್ಕೆ ಹಿಂದೆ ಹೋಗಿ ಮತ್ತೊಮ್ಮೆ ಕೇಳಿದರು. ನಾನು ಕೈ ಕಟ್ಟಿಕೊಂಡು ಕೂತಿದ್ದೆ.

“ಆಕೆ ಇನ್ನೊಂದು ತುತ್ತು ಹಾಕ್ತಾಳಾ?” ಎಂದು ಕೇಳಿದರು.

“ಅದು ಆರನೇ ಕಂತಿನಾಗ ಬರತೈತ್ರಿ.”

“ಆರನೇದು ಯಾವಾಗ ಕೊಡ್ತೀರಿ?”

“ಹಳೇದು ಇನ್ನ ನಡಿಯಂಗಿಲ್ಲ, ಹೊಸದಾಗಿ ಬರೀಬೇಕ್ರಿ.”

“ಬರೀರಿ. ಬೆಂಗಳೂರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.” ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. “ಅವರಿಗೆ ಗುರ್ ಅನ್ನೋ ಪಾತ್ರ ಬೇರೆ ಇದೆ, ಕೊಡೋಣ. ಇದು ಇವರದ್ದೇ.”

ಮೇಸ್ತ್ರಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಮರುದಿನ ಸ್ಟುಡಿಯೋಗೆ ಬಂದಾಗ ಎದುರು ಕೂರಿಸಿಕೊಂಡು ಹೇಳಿದೆ. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. “ಊರಿಗೆ ಹೇಳಲೇನ್ರಿ?” ಎಂದರು. ಹೇಳ್ರಿ ಎಂದೆ. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಮೊದಲ ದಿನದ ಆ ‘ನೋಡೋಣ್ರಿ’ ಇನ್ನೂ ಚುಚ್ಚುತ್ತಿತ್ತು.

“ಇನ್ನೊಂದು ಹೇಳೂದೈತಿ,” ಎಂದೆ. “ಧ್ವನಿ ಸರಿ ಇಲ್ಲ ಅಂತ ಅವರು ಅಂದಾಗ ನಾ ಸುಮ್ಮನ ಕುಂತಿದ್ದೆ. ತಪ್ಪು ಅಮಾವಾಸ್ಯೇದು, ನಂದು. ಅದು ನಿಮ್ಮ ತಲಿ ಮ್ಯಾಲ ಬರೂದಿತ್ತು.”

ಅವರು ನೆಲ ನೋಡುತ್ತ ನಕ್ಕರು. “ಗೊತ್ತಿತ್ರಿ ಅಕ್ಕಾರ.”

“ಏನ ಗೊತ್ತಿತ್ತು?”

“ಅಮಾಸಿ ತಪ್ಪು ಅಂತ. ಮೊದಲನೇ ಸಲ ಓದಿದಾಗನ ಗೊತ್ತಾಗಿತ್ರಿ. ಅಮಾಸಿ ದಿನ ಹಂಗ ಒದರಿದ್ರ ನಮ್ಮ ಮಂದಿ ಏನ ತಿಳಕೊಂತಾರ ಅಂತ ನನಗ ಗೊತ್ತಿಲ್ಲೇನ್ರಿ?”

“ಮತ್ತ ಹೇಳಲಿಲ್ಲ ಯಾಕ? ನಿಮ್ಮನ್ನ ತಗ್ಯಾಕ ಹೊಂಟಿದ್ರು.”

“ಆವಾಗ ಹೇಳಿದ್ರ ನೆಪ ಹೇಳಿದಂಗ ಆಗತಿತ್ರಿ. ಅದಕ್ಕಿಂತ ಮದಲ ಹೇಳಬೇಕಂದ್ರ…” ಅವರು ನಿಲ್ಲಿಸಿದರು. ಆಮೇಲೆ ಬಹಳ ಮರ್ಯಾದೆಯಿಂದ, ನನಗೆ ಬೇಜಾರಾಗದ ಹಾಗೆ ಹೇಳಿದರು. “ನಿಮಗ ಯಾರು ಹೇಳಬೇಕ್ರಿ ಅಕ್ಕಾರ?”

ಇಷ್ಟು ವರ್ಷದ ಕೆಲಸದಲ್ಲಿ ನನಗೆ ಬಿದ್ದ ದೊಡ್ಡ ಪೆಟ್ಟು ಅದು. ಆ ಮನುಷ್ಯ ತನ್ನ ಪಾತ್ರ ಕಳೆದುಕೊಳ್ಳಲು ತಯಾರಿದ್ದ, ನನಗೆ ಒಂದು ಮಾತು ಹೇಳಲು ತಯಾರಿರಲಿಲ್ಲ. ಗಾಜಿನ ಆಚೆ ಧ್ವನಿಮುದ್ರಣದವರು ತಂತಿ ಸುತ್ತುತ್ತಿದ್ದರು. ಅವರಿಗೂ ಏನೇನು ಗೊತ್ತಿತ್ತೋ ಎಂದು ಆ ಕ್ಷಣಕ್ಕೆ ಅನಿಸಿತು. ನನಗೆ ಅಳು ಬರುವಷ್ಟು ನಾಚಿಕೆಯಾಯಿತು. ಅಳಲಿಲ್ಲ. ಅವರು ಆಗಲೇ ಓದಿದ್ದ ಮುಂದಿನ ಕಂತುಗಳ ಹಳೆಯ ಹಾಳೆಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ, ಅವುಗಳ ಮೇಲೆ ನನ್ನ ಪೆನ್ನು ಇಟ್ಟೆ.

“ಇದರಾಗ ಎಲ್ಲಿ ಎಡವೀನಿ, ಹೇಳ್ರಿ.”

ಅವರು ಹಾಳೆ ಮುಟ್ಟಲಿಲ್ಲ. ಬಾಗಿಲ ಕಡೆ ನೋಡಿದರು, ಪೆನ್ನಿನ ಕಡೆ ನೋಡಿದರು.

“ಒಂಬತ್ತನೇದ್ರಾಗ ಒಂದೈತ್ರಿ,” ಎಂದರು ಕೊನೆಗೆ. “ಅವ ಹುಡುಗಿ ಅಪ್ಪನ ಮುಂದ ನಿಂತು ಗುರ್ ಅಂತಾನ. ಹೆಣ್ಣು ಕೇಳಾಕ ಹೋದಾವ ಹಂಗ ನಿಂದರಂಗಿಲ್ರಿ. ತ್ವಾಳ ಇರಲಿ, ಹುಲಿ ಇರಲಿ. ತಲಿ ತಗ್ಗಿಸಿ ಕುಂಡರತಾನ.”

ಇಡೀ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ದೃಶ್ಯ ಅದು. ಅದರ ಪರವಾಗಿ ಅರ್ಧ ಗಂಟೆ ವಾದಿಸುವಷ್ಟು ಮಾತು ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದು, ಒಂಬತ್ತನೇ ಕಂತು ತೆಗೆದು, ಆ ಪುಟದ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದೆ.

“ಮತ್ತ?” ಎಂದೆ.

ಮೇಸ್ತ್ರಿ ತಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.